ಓದದೇ ಉಳಿದ ಪುಸ್ತಕ ಕಂಡರೆ ಯಾಕಿಷ್ಟು ಅಳುಕು?

ಪ್ರಶ್ನೆ: ನನ್ನ ಕಪಾಟಿನಲ್ಲಿ ಓದಿದ ಪುಸ್ತಕಗಳಿಗಿಂತ ಓದದೇ ಇಟ್ಟವೇ ಜಾಸ್ತಿ. ಅವುಗಳ ಮುಂದೆ ಹಾದುಹೋದಾಗಲೆಲ್ಲ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಹಾಗಂತ ಹೊಸದನ್ನು ಕೊಳ್ಳುವುದೂ ನಿಂತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ನೀವು ತಿಂಗಳಿಗೆ ಎರಡು ಪುಸ್ತಕ ಓದುತ್ತೀರಿ ಅಂತಿಟ್ಟುಕೊಳ್ಳಿ. ಕೆಲಸ, ಮನೆ, ಮೊಬೈಲು ಎಲ್ಲದರ ನಡುವೆ ಅದು ಒಳ್ಳೆಯ ಓದೇ. ವರ್ಷಕ್ಕೆ 24 ಆಯಿತು. ಒಂದು ತಿಂಗಳೂ ತಪ್ಪಿಸದೆ 40 ವರ್ಷ ಓದಿದರೂ 960. ಸಾವಿರ ಮುಟ್ಟುವುದಿಲ್ಲ. ಜಗತ್ತಿನಲ್ಲಿ ಒಟ್ಟು ಎಷ್ಟು ಪುಸ್ತಕಗಳಿವೆ ಎಂದು ಗೂಗಲ್‌ನವರು 2010ರಲ್ಲಿ ಅಂದಾಜು ಮಾಡಿದ್ದರು. ಸುಮಾರು 13 ಕೋಟಿ ಅಂತ ಬಂತು. ಆಮೇಲೆ ಅಚ್ಚಾದವು ಬೇರೆ. ಅಂದರೆ ಎಂಥ ಪುಸ್ತಕದ ಹುಳುವೂ ಬಹುಪಾಲು ಓದದೇ ಬಿಟ್ಟವನೇ.

ಇಷ್ಟು ಕೇಳಿ ಅಳುಕು ಹೋಯಿತೇ? ಹೋಗಿರಲಿಕ್ಕಿಲ್ಲ. ನನಗೂ ಹೋಗಲಿಲ್ಲ. ನಮ್ಮನ್ನು ಕಾಡುವುದು ಆ 13 ಕೋಟಿ ಅಲ್ಲ, ಕಪಾಟಿನಲ್ಲಿರುವ ಮೂವತ್ತೋ ನಲವತ್ತೋ ಪುಸ್ತಕ, ಅಲ್ವಾ?

‘ದೇಶ ಸುತ್ತು, ಕೋಶ ಓದು’ ಎನ್ನುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ ಬರುವ ಮಾತು. ಆದರೆ ನೋಡದ ದೇಶಗಳನ್ನು ನೆನೆದು ಯಾರೂ ತಲೆ ತಗ್ಗಿಸುವುದಿಲ್ಲ. ಹೋಗಬೇಕು ಅಂತ ಆಸೆ ಪಡುತ್ತೇವೆ, ಅಷ್ಟೇ. ಕೋಶದ ವಿಷಯಕ್ಕೆ ಬಂದರೆ ಮಾತ್ರ ನಾಚಿಕೆ. ಯಾಕೆಂದರೆ ದೇಶ ದೂರದಲ್ಲಿದೆ, ಪುಸ್ತಕ ಮನೆಗೇ ಬಂದು ಕೂತಿದೆ. ದುಡ್ಡು ಕೊಟ್ಟು ನಾವೇ ಕರೆತಂದಿದ್ದೇವೆ. ಕೊಳ್ಳುವುದೆಂದರೆ ಒಂದು ರೀತಿ ಹರಕೆ ಹೊತ್ತ ಹಾಗೆ. ತೀರಿಸದ ಹರಕೆ ದಿನಾ ಕಣ್ಣೆದುರಿಗಿದ್ದರೆ ಚುಚ್ಚದೇ ಇರುತ್ತದೆಯೇ?

ಆದರೆ ಹರಕೆ ಹೊತ್ತವರು ಯಾರು ಅನ್ನುವುದನ್ನೂ ಸ್ವಲ್ಪ ನೋಡಬೇಕು.

ಗಣಿತದ ಇತಿಹಾಸದ ಬಗ್ಗೆ ಒಂದು ದಪ್ಪ ಪುಸ್ತಕ ಹನ್ನೊಂದು ವರ್ಷ ನನ್ನ ಹತ್ತಿರ ಇತ್ತು. ಬುಕ್‌ಮಾರ್ಕ್ 43ನೇ ಪುಟದಲ್ಲೇ ನಿಂತಿತ್ತು. ಮನೆ ಬದಲಿಸಿದಾಗ ಎಷ್ಟೋ ಸಾಮಾನು ಬಿಟ್ಟು ಬಂದೆ, ಅದನ್ನು ಮಾತ್ರ ಹೊತ್ತು ತಂದೆ. ಒಂದು ದಿನ ಧೂಳು ಒರೆಸುತ್ತಾ ನನ್ನನ್ನೇ ಕೇಳಿಕೊಂಡೆ: ನಿಜವಾಗಿ ನನಗೆ ಗಣಿತದ ಇತಿಹಾಸ ಬೇಕಾ? ಬೇಡ. ನನಗೆ ಬೇಕಿದ್ದದ್ದು ಅದನ್ನು ಓದುವ ಮನುಷ್ಯನಾಗುವುದು. ಬೆಳಿಗ್ಗೆ ಐದಕ್ಕೆ ಎದ್ದು, ಪೆನ್ಸಿಲ್ ಹಿಡಿದು, ಲೆಕ್ಕ ಬಿಡಿಸುತ್ತಾ ಓದುವ ಒಬ್ಬನನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ಅವನಿಗಾಗಿ ಪುಸ್ತಕ ಕೊಂಡಿದ್ದೆ. ಅವನು ಬರಲೇ ಇಲ್ಲ. ಚುಚ್ಚುತ್ತಿದ್ದದ್ದು ಪುಸ್ತಕವಲ್ಲ, ಬಾರದೇ ಹೋದ ಆ ಮನುಷ್ಯ.

ನಿಮ್ಮ ಕಪಾಟಿನಲ್ಲೂ ಅಂಥವರು ನಾಲ್ಕೈದು ಜನ ಇರುತ್ತಾರೆ. ಹೊಸ ಭಾಷೆ ಕಲಿಯಬೇಕಿದ್ದವರು, ತತ್ವಶಾಸ್ತ್ರ ಓದಬೇಕಿದ್ದವರು, ವ್ಯಾಯಾಮ ಶುರು ಮಾಡಬೇಕಿದ್ದವರು. ಅವರನ್ನು ಕಳಿಸಿಕೊಡುವುದಕ್ಕೆ ಸ್ವಲ್ಪ ಬೇಸರವಾಗುತ್ತದೆ. ಆಗಲಿ.

ಇದು ಹೊಸ ಕಾಯಿಲೆಯೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ತತ್ವಜ್ಞಾನಿ ಸೆನೆಕ ಇಂಥವರನ್ನು ಗದರಿದ್ದ. ಒಡೆಯನಿಗೆ ಜೀವಮಾನದಲ್ಲಿ ಹೆಸರುಗಳನ್ನಾದರೂ ಓದಿ ಮುಗಿಸಲಾಗದಷ್ಟು ಪುಸ್ತಕ ಯಾಕೆ ಎಂಬುದು ಅವನ ತಕರಾರು. ಆದರೆ ಅವನ ಸಿಟ್ಟು ಇದ್ದದ್ದು ಗೋಡೆಯ ಅಲಂಕಾರಕ್ಕೆ ಪುಸ್ತಕ ಇಡುವವರ ಮೇಲೆ. ಅಲಂಕಾರಕ್ಕೆ ಇಟ್ಟವರಿಗೆ ಅಳುಕು ಆಗುವುದಿಲ್ಲ. ನಿಮಗೆ ಆಗುತ್ತಿದೆ ಅಂದರೆ ನೀವು ಆ ಗುಂಪಿನವರಲ್ಲ.

ಮುಂದೆ ಓದೋಣ ಎಂದು ಇಟ್ಟುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಶಬ್ದಕೋಶವನ್ನು ಪೂರ್ತಿ ಓದಿಲ್ಲ ಅಂತ ಯಾರೂ ಕೊರಗುವುದಿಲ್ಲ. ಕವನ ಸಂಕಲನವನ್ನು ಎಲ್ಲೋ ತೆರೆದು, ಎರಡು ಓದಿ, ಮುಚ್ಚಿಟ್ಟರೆ ಅದೂ ಓದೇ. ಕೆಲವು ಪುಸ್ತಕಗಳಿಗೆ ವಯಸ್ಸು ಬರಬೇಕು. ಇಪ್ಪತ್ತರಲ್ಲಿ ಮೂರು ಸಲ ಎತ್ತಿ ಇಟ್ಟ ಕಾದಂಬರಿಯನ್ನು ನಲವತ್ತರಲ್ಲಿ ಎರಡೇ ರಾತ್ರಿಯಲ್ಲಿ ಮುಗಿಸಿದ್ದೇನೆ. ಬೇಗ ಕೊಟ್ಟುಬಿಟ್ಟಿದ್ದರೆ ಅದು ತಪ್ಪಿಹೋಗುತ್ತಿತ್ತು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕೊಡುವುದು? ನಾನು ಮಾಡುವುದು ಇಷ್ಟು. ಕಪಾಟಿನ ಮುಂದೆ ನಿಂತು ಒಂದು ಪುಸ್ತಕ ತೆಗೆಯುತ್ತೇನೆ. ನಿಂತುಕೊಂಡೇ ಎರಡು ಪುಟ ಓದುತ್ತೇನೆ. ಕೂರಬೇಕು ಅನ್ನಿಸಿದರೆ ಕೂತು ಓದುತ್ತೇನೆ. ಇವತ್ತು ಬೇಡ, ಆದರೆ ಬಿಡುವುದಕ್ಕೂ ಮನಸ್ಸಿಲ್ಲ ಅನ್ನಿಸಿದರೆ ವಾಪಸ್ ಕಪಾಟಿಗೆ. ಕಾಲು ನೋಯುವುದೊಂದೇ ಗೊತ್ತಾದರೆ ಕೊಡುವ ರಾಶಿಗೆ. ಅರ್ಧ ಓದಿದ್ದಕ್ಕೂ ಇದೇ ನಿಯಮ. ಕೊಟ್ಟ ದುಡ್ಡು ಹೇಗೂ ವಾಪಸ್ ಬರುವುದಿಲ್ಲ. ಬೇಡದ ಪುಸ್ತಕವನ್ನು ಹಲ್ಲು ಕಚ್ಚಿ ಓದಿದರೆ ಅದರ ಮೇಲೆ ಹತ್ತು ಗಂಟೆಯೂ ಹೋಗುತ್ತದೆ.

ಕೊಡುವುದಕ್ಕೆ ಕೈ ಬರದಿದ್ದರೆ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರನ್ನು ನೆನೆಯಿರಿ. 1931ರಲ್ಲಿ ಅವರು ಗ್ರಂಥಾಲಯಗಳಿಗೆ ಐದು ಸೂತ್ರ ಹೇಳಿದರು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇರುತ್ತಾನೆ ಅನ್ನುವುದು. ಆ ಓದುಗ ನೀವೇ ಆಗಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಹೊಸದನ್ನು ಕೊಳ್ಳುವುದು ನಿಲ್ಲಿಸಬೇಕಾ ಅಂತ ಕೇಳಬೇಡಿ, ಆ ವಿಷಯದಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಬಂದಾಗ ಇನ್ನೊಂದು ಹೋಗಲಿ ಅಂತ ನಿಯಮ ಮಾಡಿಕೊಂಡಿದ್ದೇನೆ. ಮೂರು ಸಲಕ್ಕೊಮ್ಮೆ ಪಾಲಿಸುತ್ತೇನೆ.

ಆ ಗಣಿತದ ಪುಸ್ತಕ ಪಕ್ಕದ ಮನೆಯ ಕಾಲೇಜು ಹುಡುಗಿಗೆ ಹೋಯಿತು. ಒಳಗಿದ್ದ ಬುಕ್‌ಮಾರ್ಕ್ ತೆಗೆಯಲು ಮರೆತಿದ್ದೆ. ವಾರದ ಮೇಲೆ ಅದನ್ನು ಹಿಡಿದು ಬಂದಳು. “ತಗೊಳ್ಳಿ ಅಂಕಲ್, 43ನೇ ಪುಟದಲ್ಲಿತ್ತು. ನಾನು ಅಲ್ಲಿಂದ ಮುಂದೆ ಹೋಗಾಯ್ತು.”