ಕರಿಯನ ಫೋಟೋಗೆ ಆಟಿ ತಿಂಗಳೇ ಒಳ್ಳೆಯದು

ನಮ್ಮ ನಾಯಿ ಕರಿಯ ಹೆಸರಿಗೆ ತಕ್ಕಂತೆ ಮೂಗಿನಿಂದ ಬಾಲದ ತುದಿವರೆಗೆ ಕಪ್ಪು. ಏಪ್ರಿಲ್‌ನಲ್ಲಿ ಒಂದು ದಿನ ಅವನನ್ನು ಮಲ್ಪೆ ಬೀಚಿಗೆ ಕರೆದುಕೊಂಡು ಹೋಗಿ ಹತ್ತಿಪ್ಪತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮರಳು ಚಂದ, ಸಮುದ್ರ ಚಂದ, ನಡುವೆ ನಾಯಿಯ ಆಕಾರದ ಒಂದು ಮಸಿ. ಕಣ್ಣೆಲ್ಲಿ, ಮೂಗೆಲ್ಲಿ ಗೊತ್ತೇ ಆಗುವುದಿಲ್ಲ. ಸಂಜೆ ಅಂಗಳದಲ್ಲಿ ಹತ್ತಿರ ಕೂತು ಅವನ ಮುಖ ಮಾತ್ರ ತುಂಬುವಂತೆ ತೆಗೆದೆ. ಈಗ ಬೂದಿಯಲ್ಲಿ ಹೊರಳಿ ಬಂದವನ ಹಾಗೆ ಕಂಡ.

ಎರಡಕ್ಕೂ ಕಾರಣ ಒಂದೇ. ಎದುರಿಗೆ ಇರುವುದು ಕಪ್ಪು ವಸ್ತುವೋ, ಅಥವಾ ಬೆಳಕು ಕಡಿಮೆ ಉಂಟೋ ಅನ್ನುವುದು ಕ್ಯಾಮೆರಾದ ಬೆಳಕಿನ ಅಳತೆಗೆ ತಿಳಿಯುವುದಿಲ್ಲ. ಅದು ಒಟ್ಟು ಬೆಳಕನ್ನು ಅಳೆದು ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬೀಚಿನಲ್ಲಿ ಮರಳಿನ ಬೆಳಕು ಜಾಸ್ತಿ, ಹಾಗಾಗಿ ಇಡೀ ಚಿತ್ರವನ್ನು ಕಪ್ಪಾಗಿಸಿತು. ಅಂಗಳದಲ್ಲಿ ಕಂಡಿದ್ದೆಲ್ಲ ಕಪ್ಪು ಕೂದಲೇ, ಹಾಗಾಗಿ ಬೆಳ್ಳಗೆ ಮಾಡಿತು. ಈಗಿನ ಫೋನ್‌ಗಳು ಸ್ವಲ್ಪ ಸರಿಮಾಡಿಕೊಳ್ಳುತ್ತವೆ, ಆದರೆ ಪೂರ್ತಿ ನಂಬಬೇಡಿ. ನಾಯಿಯ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ಕಪ್ಪು ಕಪ್ಪಾಗಿಯೇ ಕಾಣುವವರೆಗೆ ಕೆಳಗೆ ಸರಿಸಿ. ಬಿಳಿ ನಾಯಿಯಾದರೆ ಲೆಕ್ಕ ಉಲ್ಟಾ.

ಆದರೆ ಏಪ್ರಿಲ್‌ ಮಧ್ಯಾಹ್ನವನ್ನು ಯಾವ ಸೆಟ್ಟಿಂಗೂ ಸರಿಮಾಡುವುದಿಲ್ಲ ಮಾರಾಯ್ರೆ. ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಸುಮಾರು 12:30ಕ್ಕೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಾಯಿಯ ನೆರಳು ಅದರ ಹೊಟ್ಟೆಯ ಕೆಳಗೇ ಅಡಗುತ್ತದೆ, ಹುಬ್ಬಿನ ನೆರಳು ಕಣ್ಣಿಗೆ ಬೀಳುತ್ತದೆ. ಫೋಟೋಗಿಂತ ದೊಡ್ಡ ಚಿಂತೆ ಸೆಕೆ. ನಾಯಿಯ ಮೈ ಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ. ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿ ಅಷ್ಟಿಷ್ಟು ಬೆವರುತ್ತದೆ. ಉಳಿದದ್ದೆಲ್ಲ ಏದುಸಿರಿನಿಂದ, ಅಂದರೆ ನಾಲಿಗೆ ಮತ್ತು ಉಸಿರುದಾರಿಯ ಪಸೆ ಆರುವುದರಿಂದ ತಂಪಾಗಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವಾಗ ಅದು ಬೇಗ ಆರುವುದಾದರೂ ಹೇಗೆ? ನಾಲಿಗೆ ಅಗಲವಾಗಿ ಜೋತುಬಿದ್ದು ತುಟಿ ಹಿಂದಕ್ಕೆ ಎಳೆದಿದ್ದರೆ ಜನ ‘ನಾಯಿ ನಗ್ತಾ ಉಂಟು’ ಅನ್ನುತ್ತಾರೆ. ಬಿಸಿಲಲ್ಲಿ ಕಂಡರೆ ಅದು ನಗು ಅಲ್ಲ. ಕ್ಯಾಮೆರಾ ಒಳಗಿಟ್ಟು ನೆರಳಿಗೆ ಕರೆದುಕೊಂಡು ಹೋಗಿ ನೀರು ಕೊಡಿ.

ಡಿಸೆಂಬರ್ ಸಂಜೆ ಪರವಾಗಿಲ್ಲ. ಸೂರ್ಯ ಸಮುದ್ರದ ಮೇಲೆ ಕೆಳಗಿಳಿದಾಗ ಬೆಳಕು ಜಾಸ್ತಿ ಗಾಳಿಯನ್ನು ದಾಟಿ ಬರಬೇಕು, ನೀಲಿ ದಾರಿಯಲ್ಲೇ ಚದುರಿ ಹೋಗುತ್ತದೆ, ಕೆಂಪು ಹಳದಿ ಉಳಿಯುತ್ತದೆ. ಪಣಂಬೂರು ಬೀಚಿನಲ್ಲಿ ನಾಯಿಯನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಕೂದಲಿನ ಅಂಚೆಲ್ಲ ಹೊಳೆಯುತ್ತದೆ. ಕತ್ತಲಾದ ಮೇಲೆ ಫ್ಲ್ಯಾಶ್ ಹಾಕಬೇಡಿ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಉಂಟು, ಅದು ಬೆಳಕನ್ನು ವಾಪಸು ಕಳಿಸಿ ಕಣ್ಣು ಹಸಿರಾಗಿ ಉರಿದಂತೆ ಬರುತ್ತದೆ.

ನನ್ನ ಮಟ್ಟಿಗೆ ನಿಜವಾದ ಸೀಸನ್ ಮಳೆಗಾಲ, ಅದರಲ್ಲೂ ಆಟಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು. ಮೋಡ ಮುಚ್ಚಿದಾಗ ಇಡೀ ಆಕಾಶವೇ ಒಂದು ದೊಡ್ಡ ದೀಪ. ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಗಟ್ಟಿ ನೆರಳೇ ಇಲ್ಲ. ಕರಿಯನನ್ನು ಜಗಲಿಯ ಅಂಚಿನಲ್ಲಿ ಹೊರಗೆ ನೋಡುವಂತೆ ಕೂರಿಸಿದೆ. ಅವನ ಕಣ್ಣಿನಲ್ಲಿ ಆಕಾಶದ ಬಿಳಿ ಚೂರು ಕಂಡಿತು, ಕಪ್ಪು ಅಂದುಕೊಂಡಿದ್ದ ಕಿವಿಯಲ್ಲಿ ಕಂದು ಕೂದಲೂ ಉಂಟು ಅಂತ ಅವತ್ತು ಗೊತ್ತಾಯಿತು. ಅವನ ಗಮನ ಸೆಳೆಯಲು ಹುಲ್ಲಿಗೆ ಕೆಂಪು ಚೆಂಡು ಎಸೆಯಬೇಡಿ. ನಾಯಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದು ಕಷ್ಟ. ನೀಲಿ ಚೆಂಡಾದರೆ ಥಟ್ಟನೆ ಕಾಣುತ್ತದೆ.

ಎಸಿ ರೂಮಿನಿಂದ ಕ್ಯಾಮೆರಾ ಸೀದಾ ಹೊರಗೆ ತಂದರೆ ತಣ್ಣನೆಯ ಗಾಜಿನ ಮೇಲೆ ಹಬೆ ಕೂರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ವಾಪಸು ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಪಸೆ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ದರೆ ನಮ್ಮೂರ ಮಳೆಗಾಲ ಲೆನ್ಸಿಗೂ ಬೂಸ್ಟು ಹಿಡಿಸುತ್ತದೆ.

ಮಳೆಹನಿ ಹಿಡಿಯಬೇಕೆಂದರೆ ಲೆಕ್ಕ ಸುಲಭ. ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ಬೀಳುತ್ತದೆ. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಹನಿ 15 ಸೆಂಟಿಮೀಟರ್ ಉದ್ದದ ಗೆರೆ. 1/1000ಕ್ಕೆ ಬರೀ 9 ಮಿಲಿಮೀಟರ್. ನಾಯಿ ಮೈ ಕೊಡವುವಾಗಲೂ ಇದೇ ವೇಗ ಬೇಕು. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ಪ್ರಾಣಿಗಳು ಕೊಡವುವುದನ್ನು ವೇಗದ ಕ್ಯಾಮೆರಾದಲ್ಲಿ ಅಳೆದರು. ಇಲಿ ಸೆಕೆಂಡಿಗೆ ಸುಮಾರು 30 ಸಲ, ದೊಡ್ಡ ನಾಯಿ ನಾಲ್ಕೈದು ಸಲ. ಮೈ ಸಣ್ಣದಾದಷ್ಟೂ ಹನಿ ಹಾರಿಸಲು ಜಾಸ್ತಿ ಬೇಗ ಕೊಡವಬೇಕು. ನಾಯಿಯ ಚರ್ಮ ಸಡಿಲ ಇರುವುದರಿಂದ ಬೆನ್ನೆಲುಬಿಗಿಂತ ಎಷ್ಟೋ ದೂರ ತಿರುಗಿ ಬರುತ್ತದೆ, ಆ ಬೀಸಿಗೆ ನೀರು ಸಿಡಿದು ಹೋಗುತ್ತದೆ. ಶುರು ತಲೆಯಿಂದ, ಕೊನೆಗೆ ಬಾಲ. ಹಾಗಾಗಿ ತಲೆ ಅಲುಗಿದ ತಕ್ಷಣ ಒತ್ತಬೇಕು.

ಕಳೆದ ಆಟಿಯಲ್ಲಿ ಅದು ಸಿಕ್ಕಿತು. ಹಿಂದೆ ಪಾಚಿ ಹಿಡಿದ ಕೆಂಪುಕಲ್ಲಿನ ಪಾಗಾರ, ಮುಂದೆ ಕರಿಯ, ಕಣ್ಣು ಮುಚ್ಚಿದ್ದಾನೆ, ಎಡಗಿವಿ ಮಗುಚಿ ಒಳಗಿನ ನಸುಗೆಂಪು ಹೊರಗೆ ಬಂದಿದೆ, ಸುತ್ತ ನೀರಹನಿಗಳು ಮಣಿಸರ ಕಿತ್ತು ಚೆಲ್ಲಿದಂತೆ ನಿಂತಿವೆ.