ರಾಜಕಾಲುವೆ ಅಂದ್ರೆ ಮೋರಿಯಲ್ಲ

ಕಳೆದ ವಾರ ಪರಿಚಯದವರೊಬ್ಬರ ಜೊತೆ ಬೆಂಗಳೂರಿನ ಹೊರವಲಯದಲ್ಲಿ ಸೈಟು ನೋಡಲು ಹೋಗಿದ್ದೆ. ಮೂವತ್ತು–ನಲವತ್ತರ ಸೈಟು. ಹಿಂದೆ ಹೊಂಗೆ ಮರ, ಮರದ ಬುಡಕ್ಕೆ ಆಳೆತ್ತರದ ತಗ್ಗು, ತಳದಲ್ಲಿ ಒಣ ಮರಳು. ‘ಇದು ರಾಜಕಾಲುವೆ ಅಲ್ವಾ?’ ಅಂದೆ. ‘ಎಲ್ಲಿಯ ರಾಜಕಾಲುವೆ, ವಾಸನೆನೇ ಇಲ್ಲ ನೋಡಿ’ ಅಂದರು ತೋರಿಸಲು ಬಂದವರು.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಾರಿದರೆ ರಾಜಕಾಲುವೆ, ನಾರದಿದ್ದರೆ ಅಲ್ಲ ಅಂತ ಜನ ನಂಬಿಬಿಟ್ಟಿದ್ದಾರೆ. ಸುದ್ದಿ ಓದುವವರೂ ಮೋರಿ, ಚರಂಡಿ, ರಾಜಕಾಲುವೆ ಮೂರನ್ನೂ ಒಂದೇ ಅನ್ನೋ ಹಾಗೆ ಹೇಳುತ್ತಾರೆ.

ಇಲ್ಲಿ ‘ರಾಜ’ ಅಂದರೆ ರಾಜ ಕಟ್ಟಿಸಿದ್ದು ಅಂತಲ್ಲ. ರಾಜಬೀದಿಯಲ್ಲಿ ಇರುವ ‘ರಾಜ’ವೇ ಇದು: ದೊಡ್ಡದು, ಮುಖ್ಯವಾದದ್ದು. ಇನ್ನು ‘ಕಾಲುವೆ’ ನಮ್ಮದೇ ಹಳೇ ಮಾತು. ತೆಲುಗಿನಲ್ಲಿ ಕಾಲುವ, ತಮಿಳಿನಲ್ಲಿ ಕಾಲ್ವಾಯ್. ಎಲ್ಲ ಕಡೆಯೂ ಹರಿಯುವ ನೀರಿನ ದಾರಿಗೆ ಹೇಳುವ ಮಾತು, ಬಚ್ಚಲ ನೀರಿಗಲ್ಲ. ಬಚ್ಚಲ ನೀರಿಗೆ ಚರಂಡಿ ಇದೆ, ಮೋರಿ ಇದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಆ ನೀರನ್ನು ಕೆಳಗಿನ ಕೆರೆಗೆ ಒಯ್ಯುವುದು ರಾಜಕಾಲುವೆ. ದಾರಿಯಲ್ಲಿ ಹೊಲದ ಮಳೆನೀರೂ ಬಂದು ಸೇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅದು ಒಣಗಿರುವುದೇ ಸರಿ. ಅದು ವರ್ಷವಿಡೀ ನಾರುತ್ತಿದ್ದರೆ ನಾವು ಅದಕ್ಕೆ ಕೊಳಚೆ ಬಿಟ್ಟಿದ್ದೇವೆ ಅಂತ ಅರ್ಥ.

ಹಾಗಾದರೆ ಗುರುತಿಸುವುದು ಹೇಗೆ? ಮೂಗಿನಿಂದಲ್ಲ, ಕಾಗದದಿಂದ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆಗಳ ಗೆರೆ ಇರುತ್ತದೆ. ದಾಖಲೆಯಲ್ಲಿ ಆ ಜಾಗ ಬಿ ಖರಾಬು, ಅಂದರೆ ಸಾರ್ವಜನಿಕರ ಬಳಕೆಗೆ ಬಿಟ್ಟದ್ದು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ನೆರೆ ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಗೆ ಬಂದರಲ್ಲ, ಆಮೇಲೆ ಸರ್ವೆಯವರು ಒತ್ತುವರಿ ಹುಡುಕಿದ್ದೂ ಈ ನಕ್ಷೆ ಹಿಡಿದೇ. ಮೇಲೆ ಲೇಔಟ್ ಬಂದರೂ ನೀರು ಹಳೇ ಇಳಿಜಾರನ್ನೇ ಹಿಡಿಯುತ್ತದೆ. ‘ಮನೆಗೆ ರಾಜಕಾಲುವೆ ನುಗ್ಗಿತು’ ಅನ್ನುತ್ತಾರೆ. ಎಷ್ಟೋ ಕಡೆ ನುಗ್ಗಿದ್ದು ಮನೆ.

ಇನ್ನೊಂದು ಗೊಂದಲ ಬಫರ್‌ದು, ಅಂದರೆ ಕಾಲುವೆಯ ಪಕ್ಕ ಖಾಲಿ ಬಿಡಬೇಕಾದ ಪಟ್ಟಿಯದು. ಕಾಲುವೆ ಸರ್ಕಾರದ್ದು. ಅದರ ಮೇಲೆ ಕಟ್ಟಿದರೆ ಒತ್ತುವರಿ. ಬಫರ್ ಹಾಗಲ್ಲ. ಜಾಗ ನಿಮ್ಮ ಹೆಸರಿನಲ್ಲೇ ಇರಬಹುದು, ಮನೆ ಮಾತ್ರ ಕಟ್ಟುವಂತಿಲ್ಲ. ಬೆಂಗಳೂರಿನ ‘ಮಾಸ್ಟರ್ ಪ್ಲಾನ್ 2015’ರ ಪ್ರಕಾರ ಮೊದಲ ದರ್ಜೆಯ ಕಾಲುವೆಗೆ ಎರಡೂ ಬದಿ 50 ಮೀಟರ್, ಎರಡನೆಯದಕ್ಕೆ 25, ಮೂರನೆಯದಕ್ಕೆ 15. ಅಳೆಯುವುದು ಕಾಲುವೆಯ ನಡುಮಧ್ಯದಿಂದ. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಅಂಚಿನಿಂದ ಅಳೆಯಬೇಕು ಅಂದಿತು. ಎರಡನೇ, ಮೂರನೇ ದರ್ಜೆಗೆ 35 ಮತ್ತು 25 ಮೀಟರ್‌ಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು, ಹಳೇ ಲೆಕ್ಕವೇ ಉಳಿಯಿತು. ಅಂಚಿನಿಂದ ಅಳೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ನಡುವಿನಿಂದ ಅಳೆದರೆ ಕಾಲುವೆ ಅಗಲವಾದಷ್ಟೂ ದಡದ ಪಾಲು ಕಡಿಮೆಯಾಗುತ್ತದೆ.

ಅವತ್ತು ಸೈಟಿನಲ್ಲೇ ನಿಂತು ಮೊಬೈಲಿನಲ್ಲಿ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದೆ. ಸರ್ವೆ ನಂಬರ್ ಬಂತು. ಹೊಂಗೆ ಮರದ ಹಿಂದೆ ಕಾಲುವೆಯ ಗೆರೆ ಸೊಟ್ಟಸೊಟ್ಟಗೆ ಹಾದುಹೋಗಿತ್ತು. ಮೂರನೇ ದರ್ಜೆ ಅಂತಲೇ ಇಟ್ಟುಕೊಳ್ಳೋಣ, 15 ಮೀಟರ್ ಅಂದರೆ 49 ಅಡಿ. ತಗ್ಗು ಹೆಚ್ಚುಕಮ್ಮಿ 12 ಅಡಿ ಅಗಲ, ಅದರಲ್ಲಿ ಅರ್ಧ 6. ಅಂಚಿನಿಂದಲೇ ಶುರುವಾಗುವ ಸೈಟಿನ ಉದ್ದ 40. ಒಟ್ಟು 46. ಇಡೀ ಸೈಟು ಬಫರ್ ಒಳಗೇ ಇತ್ತು.