ಹಳೆ ಡೀಸೆಲ್ ಆಯಿಲ್ ಕುಡಿಯುತ್ತಿದೆಯಾ? ಟರ್ಬೊ ಬಿಚ್ಚುವ ಮೊದಲು ಬ್ರೀದರ್ ನೋಡಿ

ಹಳೆಯ ಟರ್ಬೊ ಡೀಸೆಲ್ ಕಾರು ಆಯಿಲ್ ಕುಡಿಯುತ್ತಿದೆ ಅಂದ ಕೂಡಲೇ ಎರಡು ತೀರ್ಪು ತಯಾರಾಗಿರುತ್ತವೆ. ಒಂದೋ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ, ಇಲ್ಲವೇ ಇಂಜಿನ್ ಇಳಿಸಬೇಕು. ಎರಡೂ ದೊಡ್ಡ ಖರ್ಚು. ಆದರೆ ನನ್ನ ಕೈಗೆ ಬರುವ ಇಂಥ ಕಾರುಗಳಲ್ಲಿ ಎಷ್ಟೋ ಸಲ ಎರಡೂ ಬೇಕಾಗುವುದಿಲ್ಲ. ಹೊಸ ಟರ್ಬೊ ಹಾಕಿಸಿಕೊಂಡ ಮೇಲೂ ಹೊಗೆ ನಿಲ್ಲದೆ ಬರುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಮೊದಲು ಅಳತೆ ಬೇಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಬಿಸಿ ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿಸಿ. 1000 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿ ನೋಡಿ, ಅದೇ ಗುರುತಿಗೆ ಬರಲು ಎಷ್ಟು ಹಾಕಬೇಕಾಯಿತು ಅಂತ ಬರೆದಿಡಿ. ಅನೇಕ ಕಾರುಗಳಲ್ಲಿ ಎರಡು ಗುರುತುಗಳ ನಡುವೆ ಸುಮಾರು 1 ಲೀಟರ್ ಇರುತ್ತದೆ. 1000 ಕಿ.ಮೀ.ಗೆ ಅರ್ಧ ಲೀಟರ್ ಹೋದರೂ ಸಹಜ ಅನ್ನುವ ತಯಾರಕರಿದ್ದಾರೆ. ನಾನು ಅಷ್ಟು ಉದಾರಿಯಲ್ಲ. 200 ಮಿ.ಲೀ. ಆದರೆ ವಯಸ್ಸಾದ ಇಂಜಿನ್ ಅಲ್ವಾ ಅಂತ ಬಿಡುತ್ತೇನೆ. ಅರ್ಧ ಲೀಟರ್ ಆದರೆ ಕಾರಣ ಹುಡುಕುತ್ತೇನೆ.

ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಿನಲ್ಲಿ ಇಲ್ಲೊಂದು ಮೋಸವಿದೆ. ಫಿಲ್ಟರ್‌ನಲ್ಲಿ ಕಟ್ಟಿದ ಮಸಿ ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಸುಟ್ಟು ಹೋಗುತ್ತಿದ್ದರೂ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಕಡಿಮೆಯಾಗಿ ಕಾಣುವುದಿಲ್ಲ. ಆಯಿಲ್‌ನಲ್ಲಿ ಡೀಸೆಲ್ ವಾಸನೆ ಬಂದರೆ ಆ ಅಳತೆ ನಂಬಬೇಡಿ. ಆಯಿಲ್ ಬದಲಿಸಿ ಹೊಸದಾಗಿ ಶುರು ಮಾಡಿ.

ಸೋರಿಕೆ ಹುಡುಕುವುದು ಸುಲಭ. ಇಂಜಿನ್ ಅಡಿಗೆ ಹಾಕಿರುವ ರಕ್ಷಣೆಯ ತಟ್ಟೆ ಬಿಚ್ಚಿ ನೋಡಿ. ಅದು ಹನಿಗಳನ್ನು ಹಿಡಿದಿಡುವುದರಿಂದ ನೆಲ ಒಣಗಿದ್ದ ಮಾತ್ರಕ್ಕೆ ಸೋರಿಕೆ ಇಲ್ಲ ಅನ್ನುವಂತಿಲ್ಲ.

ಹೊಗೆಯೂ ಸುಳಿವು ಕೊಡುತ್ತದೆ. ರಾತ್ರಿಯೆಲ್ಲ ನಿಂತ ಕಾರು ಸ್ಟಾರ್ಟ್ ಆದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಸೀಲ್) ಮೇಲೆ ಅನುಮಾನ. ಲೋಡ್ ಬಿದ್ದಾಗಲೆಲ್ಲ ಬಿಡದೆ ಬಂದರೆ ಪಿಸ್ಟನ್ ರಿಂಗ್ (ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದು ಮುಚ್ಚುವ ಬಳೆ) ಮೇಲೆ. ಐಡ್ಲಿಂಗ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಆಕ್ಸಿಲರೇಟರ್ ಒತ್ತಿದಾಗ ದಟ್ಟವಾಗಿ ಬಂದರೆ ಟರ್ಬೊ ಕಡೆ ನೋಡಬೇಕು. ಡಿಪಿಎಫ್ ಇದ್ದರೆ ಈ ಹೊಗೆ ಕಾಣದೇ ಇರಬಹುದು. ಸುಟ್ಟ ಆಯಿಲ್‌ನ ಬೂದಿ ಮಾತ್ರ ಫಿಲ್ಟರ್‌ನಲ್ಲೇ ಉಳಿಯುತ್ತದೆ. ಮಸಿಯ ಹಾಗೆ ಅದು ಸುಟ್ಟು ಹೋಗುವುದಿಲ್ಲ.

ಈಗ ಟರ್ಬೊ ವಿಚಾರ. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ಪಸೆ ಕಂಡರೆ ಗಾಬರಿ ಬೇಡ. ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್‌ನ ಕೆಳಭಾಗದ ಗೂಡಿನ ಹಬೆಯನ್ನು ಹೊರಬಿಡುವ ಪೈಪೇ ಬ್ರೀದರ್. ಅದು ಆ ಹಬೆಯನ್ನು ಟರ್ಬೊ ಮುಂದಕ್ಕೇ, ಗಾಳಿ ಒಳಹೋಗುವ ಕಡೆಗೆ ತಂದು ಬಿಡುತ್ತದೆ. ಹಾಗಾಗಿ ತೆಳುವಾದ ಪಸೆ ಸಹಜ. ಪೈಪ್‌ನಿಂದ ಆಯಿಲ್ ಸುರಿದರೆ ಆಗ ಯೋಚಿಸಬೇಕು. ಆಗಲೂ ಟರ್ಬೊ ಕೆಟ್ಟಿದೆ ಎಂದೇ ಅಲ್ಲ. ಟರ್ಬೊ ಒಳಗಿನ ಸೀಲ್ ರಬ್ಬರ್ ಅಲ್ಲ, ಪಿಸ್ಟನ್ ರಿಂಗ್‌ನಂಥ ಸಣ್ಣ ಲೋಹದ ರಿಂಗ್. ಹೊರಗಿನ ಒತ್ತಡ ಜಾಸ್ತಿ ಇದ್ದು, ಒಳಗಿನ ಆಯಿಲ್ ತನ್ನ ಭಾರಕ್ಕೆ ಕೆಳಗಿಳಿದು ಹೋಗುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬ್ರೀದರ್ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರುತ್ತದೆ. ಟರ್ಬೊದಿಂದ ಇಂಜಿನ್‌ಗೆ ವಾಪಸ್ ಬರುವ ರಿಟರ್ನ್ ಪೈಪ್‌ನಲ್ಲಿ ಆಯಿಲ್ ಇಳಿಯಲು ದಾರಿ ಸಿಗದೆ ಅಲ್ಲೇ ನಿಲ್ಲುತ್ತದೆ. ಆಗ ಹೊಚ್ಚ ಹೊಸ ಟರ್ಬೊ ಕೂಡ ಸೋರುತ್ತದೆ! ಕಟ್ಟಿಕೊಂಡ ಏರ್ ಫಿಲ್ಟರ್‌ನದೂ ಇಂಥದೇ ಕತೆ. ಟರ್ಬೊ ಮುಂದೆ ಎಳೆತ ಜಾಸ್ತಿಯಾಗಿ ಆಯಿಲ್ ಅತ್ತ ಹೀರಿಕೊಳ್ಳುತ್ತದೆ.

ಆದ್ದರಿಂದ ಏರ್ ಫಿಲ್ಟರ್, ಬ್ರೀದರ್, ಅದರ ವಾಲ್ವ್, ಟರ್ಬೊ ರಿಟರ್ನ್ ಪೈಪ್, ಇಷ್ಟನ್ನು ಮೊದಲು ನೋಡಿ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಬಿಡಿಸಿ, ಸುಮ್ನೆ ಅಲ್ಲೇ ಇಡಿ. ಅದು ಮೇಲೆದ್ದು ಹಾರಿದರೆ ಒಳಗೆ ಒತ್ತಡ ಜಾಸ್ತಿ ಇದೆ ಅನ್ನುವ ಸುಳಿವು. ಗೇಜ್ ಹಾಕಿ ಅಳೆದರೆ ಇನ್ನೂ ಖಚಿತ. ಆಮೇಲೆ ಬೇಕಾದರೆ ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಟರ್ಬೊ ಶಾಫ್ಟ್ ಹಿಡಿದು ನೋಡಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಾಟ ಇರುವುದೇ. ಮುಂದೆ ಹಿಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ಟರ್ಬೊ ಒಳಗಿನ ಚಕ್ರದ ರೆಕ್ಕೆ ಅದರ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿದಂತೆ.

ಬ್ರೀದರ್ ಸರಿಯಿದ್ದೂ ಒತ್ತಡ ಇಳಿಯದಿದ್ದರೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವುದು), ಲೀಕ್ ಡೌನ್ ಟೆಸ್ಟ್ (ಒಳಗೆ ತುಂಬಿದ ಗಾಳಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. ಆದರೆ ಕಂಪ್ರೆಶನ್ ಚೆನ್ನಾಗಿದೆ ಎಂದು ರಿಂಗ್‌ಗಳನ್ನು ಪೂರ್ತಿ ಬಿಟ್ಟುಬಿಡಬೇಡಿ. ಒತ್ತಡ ಹಿಡಿಯುವುದು ಮುಖ್ಯವಾಗಿ ಮೇಲಿನ ರಿಂಗ್‌ಗಳು. ಕೆಳಗಿನ ಆಯಿಲ್ ರಿಂಗ್ ಇಂಗಾಲದಲ್ಲಿ ಅಂಟಿಕೊಂಡಿದ್ದರೂ ಟೆಸ್ಟ್‌ನಲ್ಲಿ ಪಾಸಾಗುತ್ತದೆ.

ಇಂಟರ್‌ಕೂಲರ್‌ನಲ್ಲಿ ಆಯಿಲ್ ತುಂಬಿಕೊಂಡಿದ್ದರೆ ರಿಪೇರಿಯ ದಿನವೇ ತೊಳೆಸಿ. ಅದು ಒಮ್ಮೆಲೇ ಒಳಗೆ ಹೋದರೆ ಡೀಸೆಲ್ ಇಂಜಿನ್ ಆ ಆಯಿಲ್ ಮೇಲೆಯೇ ಓಡತೊಡಗುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಮ್ಯಾನುಯಲ್ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಟಾಪ್ ಗೇರ್‌ಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ನಿಲ್ಲಿಸಿ. ಆಟೊಮ್ಯಾಟಿಕ್‌ನಲ್ಲಿ ಈ ದಾರಿ ಇಲ್ಲ. ಕಾರು ನಿಲ್ಲಿಸಿ ಎಲ್ಲರನ್ನೂ ಇಳಿಸಿ, ದೂರ ಹೋಗಿ. ಬಾನೆಟ್ ಎತ್ತಿ ಗಾಳಿ ಹೋಗುವ ಪೈಪ್‌ಗೆ ಕೈ ಅಡ್ಡ ಇಡಲು ಹೋಗಬೇಡಿ.